ಗೇಟು ಇದೆ, ಮನೆ ಇಲ್ಲ

ಮಧ್ಯಾಹ್ನದಿಂದ ಮನಸ್ಸು ಸರಿ ಇಲ್ಲ. ಬರೆದರೆ ಸ್ವಲ್ಪ ಹಗುರ ಆಗಬಹುದು ಅಂತ ಕೂತಿದ್ದೇನೆ.

ಮಗಳ ಮನೆಗೆ ಲಂಡನ್ನಿಗೆ ಬಂದು ಮೂರು ವಾರ ಆಯ್ತು, ನಿಮಗೆಲ್ಲ ಗೊತ್ತೇ ಇದೆ. ಇವತ್ತು ಒಬ್ಬಳೇ ಗ್ರೀನ್ ಪಾರ್ಕಿಗೆ ಹೋಗಿದ್ದೆ. ಪಿಕಡಿಲಿ ರಸ್ತೆ ಕಡೆ ಒಂದು ದೊಡ್ಡ ಕಬ್ಬಿಣದ ಗೇಟು ಇದೆ. ಎರಡೂ ಕಡೆ ಕಲ್ಲಿನ ಕಂಬ. ಕಂಬದ ಮೇಲೆ ಹೆಣ್ಣಿನ ಮುಖ, ಸಿಂಹದ ಮೈ ಇರುವ ಸ್ಫಿಂಕ್ಸ್. ಕುಲುಮೆ ಮುಂದೆ ತಿದಿ ಒತ್ತುತ್ತಾ ಬೆಳೆದವಳು ನಾನು. ಕಬ್ಬಿಣದ ಕೆಲಸ ಕಂಡರೆ ಮುಟ್ಟದೆ ಬರುವುದಿಲ್ಲ. ಇದು ಅಚ್ಚಿಗೆ ಎರಕ ಹೊಯ್ದದ್ದಲ್ಲ. ಕಾಯಿಸಿ, ಬಡಿದು, ಬಳ್ಳಿ ಹಾಗೆ ಬಗ್ಗಿಸಿದ್ದು. ಅಪ್ಪ ಇದ್ದಿದ್ದರೆ ಅಲ್ಲೇ ಒಂದು ಗಂಟೆ ನಿಲ್ಲುತ್ತಿದ್ದರು.

ಅಷ್ಟರಲ್ಲಿ ಒಬ್ಬ ಗೈಡ್ ಇಪ್ಪತ್ತು ಜನರನ್ನು ಕರೆದುಕೊಂಡು ಬಂದ. "ಇದು ಡೆವನ್‌ಶೈರ್ ಹೌಸ್‌ನ ಗೇಟು. ಮನೆ ಹೊರಗಿನಿಂದ ಗೋದಾಮಿನ ಹಾಗಿತ್ತು. ಹೋಗಿದ್ದು ದೊಡ್ಡ ನಷ್ಟವೇನಲ್ಲ, ಚೆಂದದ್ದು ಇಲ್ಲೇ ಉಳಿದಿದೆ" ಅಂದ. ಎಲ್ಲರೂ ಫೋಟೋ ತೆಗೆದುಕೊಂಡು ಮುಂದೆ ಹೋದರು. ನನಗೆ ಮೈ ಉರಿದುಹೋಯ್ತು.

ಡೆವನ್‌ಶೈರ್ ಡ್ಯೂಕ್‌ಗಳು, ಅಂದರೆ ಆ ಪದವಿ ಇದ್ದ ದೊಡ್ಡ ಮನೆತನದವರು, ಪಿಕಡಿಲಿಯಲ್ಲಿ ವಾಸವಿದ್ದ ಮನೆ ಅದು. ಈಗ ಇಲ್ಲ. ಚೆಂದದ್ದು ಉಳಿದಿದೆಯಂತೆ! ಈ ಗೇಟು ಮೂಲದಲ್ಲಿ ಆ ಮನೆಯದೇ ಅಲ್ಲ. ಲಂಡನ್ನಿನದೇ ಟರ್ನಮ್ ಗ್ರೀನ್ ಅನ್ನುವ ಜಾಗದ ಬೇರೊಂದು ಮನೆಗೆ ಮಾಡಿದ್ದು. ಆಮೇಲೆ ಚಿಸಿಕ್ ಹೌಸ್ ಅನ್ನುವ ಇನ್ನೊಂದು ಮನೆಗೆ ಹೋಯಿತು. ಡೆವನ್‌ಶೈರ್ ಹೌಸ್‌ಗೆ ಬಂದದ್ದು 1897ರಲ್ಲಿ. 1921ಕ್ಕೆಲ್ಲ ಪಾರ್ಕಿಗೆ ಸಾಗಿಸಿದರು. ಅಂದರೆ ಆ ಮನೆ ಮುಂದೆ ಇದ್ದದ್ದು ಬರೀ 24 ವರ್ಷ. ಮನೆ ನಿಂತಿದ್ದದ್ದು ಹತ್ತಿರ ಹತ್ತಿರ 190 ವರ್ಷ. ಮನೆ ಕೆಡವಿ, ನೆಂಟರ ಹಾಗೆ ಬಂದ ಗೇಟನ್ನು ಉಳಿಸಿಕೊಂಡಿದ್ದಾರೆ.

ಗೋದಾಮು ಅನ್ನುವ ಮಾತು ಹಳೆಯದೇ. 18ನೇ ಶತಮಾನದಲ್ಲೇ ಒಬ್ಬ ವಿಮರ್ಶಕ ಈಸ್ಟ್ ಇಂಡಿಯಾ ಕಂಪನಿಯ ಗೋದಾಮಿಗೆ ಹೋಲಿಸಿದ್ದ. ಒಪ್ಪುತ್ತೇನೆ, ಹೊರಗೆ ಬರೀ ಇಟ್ಟಿಗೆ, ಮುಂದೆ ಎತ್ತರದ ಗೋಡೆ. ಆದರೆ ಮನೆ ಅಂದರೆ ಬೀದಿಗೆ ಕಾಣುವ ಗೋಡೆ ಮಾತ್ರಾನಾ? 1733ರಲ್ಲಿ ಅಲ್ಲಿದ್ದ ಹಳೇ ಮನೆ ಸುಟ್ಟುಹೋದ ಮೇಲೆ ಮೂರನೇ ಡ್ಯೂಕ್‌ಗಾಗಿ ವಾಸ್ತುಶಿಲ್ಪಿ ವಿಲಿಯಂ ಕೆಂಟ್ ಕಟ್ಟಿದ ಮನೆ ಅದು. ಒಳಗಿನ ಮೆಟ್ಟಿಲಿಗೆ ಆಮೇಲೆ ಕೈ ಹಿಡಿದು ಹತ್ತಲು ಗಾಜಿನ ಕಂಬಿ ಹಾಕಿಸಿದ್ದರು. 1851ರಲ್ಲಿ ಕಾದಂಬರಿಕಾರ ಚಾರ್ಲ್ಸ್ ಡಿಕನ್ಸ್ ವಿಕ್ಟೋರಿಯಾ ರಾಣಿಯ ಎದುರು ನಾಟಕ ಆಡಿದ್ದು ಆ ಮನೆಯಲ್ಲೇ. ಮೊದಲ ಮಹಾಯುದ್ಧದಲ್ಲಿ ಗಾಯಾಳುಗಳ ಸೇವೆಗೆ ಹೆಸರು ಕೊಟ್ಟ ಸಾವಿರಾರು ಹೆಣ್ಣುಮಕ್ಕಳ ಲೆಕ್ಕ ಇಟ್ಟ ಕಚೇರಿಯೂ ಅಲ್ಲೇ ಇತ್ತು.

ಎಲ್ಲಕ್ಕಿಂತ ಜಾಸ್ತಿ ನನಗೆ ನೆನಪಾಗುವುದು ಜಾರ್ಜಿಯಾನಾ. 1774ರಲ್ಲಿ, 17ನೇ ವಯಸ್ಸಿಗೆ, ಐದನೇ ಡ್ಯೂಕ್‌ನ ಹೆಂಡತಿಯಾಗಿ ಬಂದವಳು. 1784ರ ಚುನಾವಣೆಯಲ್ಲಿ ಚಾರ್ಲ್ಸ್ ಜೇಮ್ಸ್ ಫಾಕ್ಸ್ ಅನ್ನುವ ರಾಜಕಾರಣಿ ಪರ ಬೀದಿ ಬೀದಿ ಅಲೆದು ಮತ ಕೇಳಿದಳು. ಹೆಂಗಸರಿಗೆ ಮತದ ಹಕ್ಕೇ ಇಲ್ಲದ ಕಾಲ. ಅವಳನ್ನು ಎಷ್ಟು ಕೆಟ್ಟದಾಗಿ ಚಿತ್ರ ಬರೆದು ಹಂಚಿದರು ಗೊತ್ತಾ? ಫಾಕ್ಸ್ ಗೆದ್ದ. ಅವಳು ಅಷ್ಟೆಲ್ಲ ಮಾತು ಕೇಳಿಸಿಕೊಂಡು ರಾತ್ರಿ ವಾಪಸ್ ಹತ್ತಿದ ಮೆಟ್ಟಿಲು ಯಾವುದು ಅಂತ ನೋಡೋಣ ಅಂದರೆ ಅಲ್ಲಿ ಈಗ ಆಫೀಸು ಕಟ್ಟಡ. ಅದಕ್ಕೂ ಅದೇ ಹೆಸರು ಇಟ್ಟಿದ್ದಾರೆ, ಡೆವನ್‌ಶೈರ್ ಹೌಸ್.

ಮಗಳಿಗೆ ಹೇಳಿದರೆ, "ಅಮ್ಮ, ಅವರಾದರೂ ಏನು ಮಾಡ್ತಾರೆ? ತೆರಿಗೆ ಕಟ್ಟಬೇಕಿತ್ತಲ್ಲ" ಅಂದಳು. ನಿಜ. 1908ರಲ್ಲಿ ಒಂಬತ್ತನೇ ಡ್ಯೂಕ್‌ಗೆ ಆಸ್ತಿ ಬಂದಾಗ 5 ಲಕ್ಷ ಪೌಂಡಿಗೂ ಮೇಲೆ ಮರಣ ತೆರಿಗೆ ಬಂತು, ಜೊತೆಗೆ ಹಳೇ ಸಾಲ. ಅಪರೂಪದ ಪುಸ್ತಕಗಳನ್ನೂ ಮಾರಿದರು. 1920ರಲ್ಲಿ ಮನೆ ಮಾರಿದರು, 1924ರಲ್ಲಿ ಕೆಡವಿದರು. ಆದರೆ ಅದೇ ಪಾರ್ಕಿನ ಅಂಚಿನಲ್ಲಿ ಸ್ಪೆನ್ಸರ್ ಹೌಸ್ ಇದೆ. ಜಾರ್ಜಿಯಾನಾಳ ತವರುಮನೆ. ಆ ಮನೆಯವರೂ ಬಿಟ್ಟುಹೋದರು. ಬಾಡಿಗೆಗೆ ಕೊಟ್ಟರು. ಕ್ಲಬ್ ಬಂತು, ಆಫೀಸುಗಳು ಬಂದವು. ಯಾರೂ ಕೆಡವಲಿಲ್ಲ. ಇವತ್ತಿಗೂ ನಿಂತಿದೆ. ತವರು ಉಳಿಯಿತು, ಗಂಡನ ಮನೆ ಹೋಯಿತು. ಎರಡಕ್ಕೂ ನಡುವೆ ನಾನು ನಡೆದದ್ದು ಕೆಲವೇ ನಿಮಿಷ. ತೆರಿಗೆ ಮಾರಿಸಿರಬಹುದು. ಕೆಡವು ಅಂತ ತೆರಿಗೆ ಹೇಳಲಿಲ್ಲ ಅಲ್ವಾ?

ಇಷ್ಟು ಕೋಪ ಯಾಕೆ ಅಂತ ಕೇಳುತ್ತೀರಿ. ಹೇಳಿಬಿಡುತ್ತೇನೆ. ಅಪ್ಪ ಹೋದ ಮೇಲೆ ನಮ್ಮ ಮನೆ ಕೆಡವುವ ಕಾಗದಕ್ಕೆ ನಾನೂ ಸಹಿ ಹಾಕಿದ್ದೆ. ನೋಡಿಕೊಳ್ಳುವವರು ಯಾರು ಅಂತ ನಾನೇ ಮೊದಲು ಬಾಯಿಬಿಟ್ಟಿದ್ದು. ಮುಂಬಾಗಿಲು ಚೆನ್ನಾಗಿದೆ, ಅದನ್ನು ಇಟ್ಟುಕೊಳ್ಳೋಣ ಅಂದವಳೂ ನಾನೇ. ತಮ್ಮನ ಮನೆಯ ಶೆಡ್ಡಿನಲ್ಲಿ ಗೋಡೆಗೆ ಒರಗಿಸಿ ಇಟ್ಟಿದ್ದೇವೆ. ಅಪ್ಪನೇ ಮಾಡಿದ ಚಿಲಕ ಅದರಲ್ಲಿ ಹಾಗೇ ಇದೆ.

ಸಂಜೆ ತಮ್ಮನಿಗೆ ಫೋನ್ ಮಾಡಿದೆ. ಯಾವ ಕೋಣೆ ಎಲ್ಲಿತ್ತು, ನೆನಪಿದ್ದಷ್ಟು ಒಂದು ಹಾಳೆಯಲ್ಲಿ ಬರೆದು ಕಳಿಸು ಅಂದೆ. ಅಡುಗೆಮನೆ ಕಿಟಕಿ ಬಾವಿ ಕಡೆಗಿತ್ತು ಅಂತ ಅವನು. ಕುಲುಮೆ ಕಡೆಗಿತ್ತು ಅಂತ ನಾನು. ಕೇಳೋಣ ಅಂದರೆ ಇನ್ಯಾರೂ ಇಲ್ಲ.