ಮೇಲೊಂದು ಮಹಡಿ ಏಳದ ಕೌಂಟಿ

ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಸನ್ನಿವೇಲ್‌ನಲ್ಲೋ ಕ್ಯೂಪರ್ಟಿನೋದಲ್ಲೋ ಎರಡು ಬೆಡ್‌ರೂಮಿನ ಅಪಾರ್ಟ್‌ಮೆಂಟ್ ಬೇಕೆಂದರೆ ಇವತ್ತು ತಿಂಗಳಿಗೆ 3,000 ಡಾಲರ್‌ಗಿಂತ ಜಾಸ್ತಿಯೇ ಕೊಡಬೇಕು. ರೂಪಾಯಿ ಲೆಕ್ಕದಲ್ಲಿ ಎರಡೂವರೆ ಲಕ್ಷದ ಮೇಲಾಯಿತು. ಫೋನಿನಲ್ಲಿ ಹೇಳಿದರೆ ಅಮ್ಮ ನಂಬುವುದಿಲ್ಲ. "ಅಷ್ಟು ಬಾಡಿಗೆ ಯಾಕ್ ಕಟ್ತೀಯೋ, ಒಂದು ಮನೇನೇ ತಗೋಬಾರದಾ?" ಅನ್ನುತ್ತಾರೆ. ಸ್ವಂತ ಮನೆಗೆ ಇಲ್ಲಿ ಸುಮಾರು 20 ಲಕ್ಷ ಡಾಲರ್ ಬೇಕು. ಅದಕ್ಕೇ ಒಳ್ಳೆಯ ಸಂಬಳದವರೂ ವರ್ಷಗಟ್ಟಲೆ ಬಾಡಿಗೆ ಮನೆಯಲ್ಲೇ ಇರುತ್ತಾರೆ. ನಾನೂ ಅವರಲ್ಲಿ ಒಬ್ಬ.

ಈ ಊರುಗಳಿರುವ ಸಾಂಟಾ ಕ್ಲಾರಾ ಕೌಂಟಿ ಅಂದರೆ ನಮ್ಮ ಒಂದು ಜಿಲ್ಲೆ ಇದ್ದಂತೆ. ಸ್ಯಾನ್ ಹೊಸೆ, ಮೌಂಟನ್ ವ್ಯೂ, ಪಾಲೋ ಆಲ್ಟೋ, ಮಿಲ್ಪಿಟಾಸ್ ಎಲ್ಲ ಸೇರಿ 15 ಊರುಗಳು, ಸುಮಾರು 19 ಲಕ್ಷ ಜನ. ಇಲ್ಲಿನ ಬಾಡಿಗೆ ಸಾಫ್ಟ್‌ವೇರ್ ಕಂಪನಿಗಳ ಜೊತೆಗೇ ಏರುತ್ತದೆ, ಇಳಿಯುತ್ತದೆ. 2020ರಲ್ಲಿ ಕೊರೊನಾ ಬಂದು ಎಲ್ಲರೂ ಮನೆಯಿಂದಲೇ ಕೆಲಸ ಅಂದಾಗ ಬಾಡಿಗೆ ಚೆನ್ನಾಗಿಯೇ ಬಿತ್ತು. ಒಂದು ತಿಂಗಳು ಫ್ರೀ, ಆರು ವಾರ ಫ್ರೀ ಎಂದು ದೊಡ್ಡ ದೊಡ್ಡ ಅಪಾರ್ಟ್‌ಮೆಂಟ್‌ಗಳ ಮುಂದೆ ಬ್ಯಾನರ್ ಕಟ್ಟಿದ್ದರು. ಆಫೀಸುಗಳು ಮತ್ತೆ ಬಾಗಿಲು ತೆರೆದವು, 2022ರ ಹೊತ್ತಿಗೆ ಇಳಿದದ್ದೆಲ್ಲ ಏರಿತ್ತು. ಲೇಆಫ್‌ಗಳ ಕಾಲದಲ್ಲಿ ಸ್ವಲ್ಪ ನಿಂತಂತಾಯಿತು. ಈಗ ಎಐ ಕಂಪನಿಗಳು ಜನರನ್ನು ಕರೆಯುತ್ತಿವೆ, ಬಾಡಿಗೆ ಮತ್ತೆ ಮೇಲಕ್ಕೆ ಹೊರಟಿದೆ.

ಬೆಂಗಳೂರಿನಲ್ಲೂ ಇದೇ ಕಥೆ ಅಲ್ವಾ? 2020ರಲ್ಲಿ ಬೆಳ್ಳಂದೂರು, ಮಾರತ್ತಹಳ್ಳಿ ಕಡೆ ಟು-ಲೆಟ್ ಬೋರ್ಡುಗಳು ತಿಂಗಳಾನುಗಟ್ಟಲೆ ನೇತಾಡಿದವು. ಎರಡೇ ವರ್ಷದಲ್ಲಿ ಬೋರ್ಡು ಹಾಕುವ ಮೊದಲೇ ಮನೆ ಹೋಗತೊಡಗಿತು. ಆದ್ದರಿಂದ ಏರಿಳಿತದ ವಿಷಯದಲ್ಲಿ ಎರಡೂ ಕಡೆ ದೊಡ್ಡ ವ್ಯತ್ಯಾಸ ಇಲ್ಲ. ವ್ಯತ್ಯಾಸ ಇರುವುದು ಮನೆಯೊಳಗೆ ಕಾಲಿಟ್ಟವನನ್ನು ಹೇಗೆ ನೋಡಿಕೊಳ್ಳುತ್ತಾರೆ ಎಂಬುದರಲ್ಲಿ. ಮತ್ತೆ, ಹೊಸ ಮನೆ ಕಟ್ಟಲು ಯಾರಿಗೆ ಬಿಡುತ್ತಾರೆ ಎಂಬುದರಲ್ಲಿ.

ಮೊದಲು ಅಡ್ವಾನ್ಸ್ ವಿಷಯ. ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆ ಅಡ್ವಾನ್ಸ್ ಕೊಟ್ಟು ಬೆಳೆದವರು ನಾವು. ಈಚೆಗೆ ಕೆಲವರು ಐದೋ ಆರೋ ತಿಂಗಳಿಗೆ ಒಪ್ಪುತ್ತಾರೆ, ಆದರೆ ಹತ್ತು ಅಂದರೆ ಯಾರಿಗೂ ಆಶ್ಚರ್ಯವಿಲ್ಲ. ಮದುವೆಯಾದ ಹೊಸದರಲ್ಲಿ ನಮ್ಮ ಅಡ್ವಾನ್ಸಿಗೆ ಹೆಂಡತಿಯ ಬಳೆ ಅಡವಿಡಬೇಕಾಯಿತು. ಮನೆ ಖಾಲಿ ಮಾಡಿದಾಗ ಮಾಲೀಕರು ಪೇಂಟಿಂಗ್‌ಗೆ ಒಂದು ತಿಂಗಳ ಬಾಡಿಗೆ ಮುರಿದುಕೊಂಡರು, ಕ್ಲೀನಿಂಗ್‌ಗೆ ಇನ್ನಷ್ಟು. ಉಳಿದದ್ದು "ಹೊಸಬ್ರು ಬರ್ಲಿ, ಅವರ ಅಡ್ವಾನ್ಸ್ ಬಂದ್ಮೇಲೆ ಕೊಡ್ತೀನಿ" ಅಂದರು. ಗೋಡೆಗೆ ಪೇಂಟ್ ಹೊಡೆಸಿದರೋ ಇಲ್ಲವೋ, ಕೇಳಲು ನಮಗೆ ದಾರಿಯೇ ಇರಲಿಲ್ಲ. ಹೀಗೆ ಸಿಕ್ಕಿಕೊಂಡ ಹಣ ಎಷ್ಟು ಮನೆಗಳದ್ದಿದೆಯೋ ಎಂದು ಈಗಲೂ ಸಂಕಟವಾಗುತ್ತದೆ.

ಕ್ಯಾಲಿಫೋರ್ನಿಯಾದಲ್ಲಿ 2024ರ ಜುಲೈ 1ರಿಂದ ಡೆಪಾಸಿಟ್ ಒಂದು ತಿಂಗಳ ಬಾಡಿಗೆಗಿಂತ ಹೆಚ್ಚಿರಬಾರದು. ಒಂದೆರಡು ಮನೆ ಇಟ್ಟುಕೊಂಡ ಚಿಕ್ಕ ಮಾಲೀಕರು ಮಾತ್ರ ಎರಡು ತಿಂಗಳದ್ದು ಕೇಳಬಹುದು. ಮನೆ ಬಿಟ್ಟ 21 ದಿನದೊಳಗೆ ಹಣ ವಾಪಸ್ ಬರಬೇಕು. ಮುರಿದುಕೊಂಡಿದ್ದರೆ ಯಾವುದಕ್ಕೆ ಎಷ್ಟು ಎಂದು ಪಟ್ಟಿ ಕೊಡಬೇಕು. ಮೊತ್ತ 125 ಡಾಲರ್ ದಾಟಿದರೆ ಬಿಲ್ಲೂ ಲಗತ್ತಿಸಬೇಕು. ದಿನಬಳಕೆಯಲ್ಲಿ ಸವೆದ ಕಾರ್ಪೆಟ್ಟಿಗೆ, ಮಾಸಿದ ಗೋಡೆಗೆ ಬಾಡಿಗೆದಾರ ದುಡ್ಡು ಕೊಡಬೇಕಿಲ್ಲ. 2025ರಿಂದ ಇನ್ನೊಂದು ನಿಯಮ ಸೇರಿದೆ. ಮನೆ ಕೊಡುವಾಗಲೂ ಬಿಡಿಸಿಕೊಳ್ಳುವಾಗಲೂ ಮಾಲೀಕರೇ ಫೋಟೋ ತೆಗೆದಿಟ್ಟುಕೊಳ್ಳಬೇಕು. ಜಗಳ ಬಂದರೆ ಸಣ್ಣ ವ್ಯಾಜ್ಯಗಳ ಕೋರ್ಟಿದೆ. ವಕೀಲರನ್ನು ಹಿಡಿಯದೆ ನಾವೇ ಹೋಗಿ ವಾದ ಹೇಳಬಹುದು.

ಬಾಡಿಗೆ ಏರಿಸುವುದಕ್ಕೂ ಮಿತಿ ಇದೆ. 2020ರಿಂದ ಜಾರಿಯಲ್ಲಿರುವ ರಾಜ್ಯದ ಕಾನೂನಿನ ಪ್ರಕಾರ ವರ್ಷಕ್ಕೆ 5 ಪರ್ಸೆಂಟ್, ಅದರ ಮೇಲೆ ಬೆಲೆಯೇರಿಕೆಯ ಪ್ರಮಾಣ. ಎರಡೂ ಸೇರಿ 10 ಪರ್ಸೆಂಟ್ ದಾಟುವಂತಿಲ್ಲ. ಸ್ಯಾನ್ ಹೊಸೆಯಲ್ಲಿ 1979ಕ್ಕೂ ಹಿಂದಿನ ಅಪಾರ್ಟ್‌ಮೆಂಟ್‌ಗಳಿಗೆ 5 ಪರ್ಸೆಂಟೇ ಮಿತಿ. ಮೌಂಟನ್ ವ್ಯೂ ಜನ 2016ರಲ್ಲಿ ಮತ ಹಾಕಿ ತಮ್ಮದೇ ಬಾಡಿಗೆ ನಿಯಂತ್ರಣ ತಂದುಕೊಂಡರು. ಒಂದು ವರ್ಷ ವಾಸ ಮಾಡಿದ ಮೇಲೆ ಕಾರಣ ಕೊಡದೆ ಎಬ್ಬಿಸುವಂತಿಲ್ಲ. ಇದಕ್ಕೆಲ್ಲ ವಿನಾಯಿತಿಗಳೂ ಇವೆ ಅನ್ನಿ. 15 ವರ್ಷದೊಳಗಿನ ಹೊಸ ಕಟ್ಟಡಗಳಿಗೆ ರಾಜ್ಯದ ಮಿತಿ ತಾಗುವುದಿಲ್ಲ. ಒಂಟಿ ಮನೆಗಳಿಗೂ ಹೆಚ್ಚಾಗಿ ಇಲ್ಲ. ಹಳೆಯ ಬಾಡಿಗೆದಾರ ಬಿಟ್ಟು ಹೋದರೆ ಹೊಸಬರಿಗೆ ಮಾರುಕಟ್ಟೆ ಬೆಲೆ ಹೇಳಬಹುದು. ಅದಕ್ಕೇ ಒಂದೇ ಕಟ್ಟಡದಲ್ಲಿ ಹಳಬರಿಗೊಂದು ಬಾಡಿಗೆ, ಹೊಸಬರಿಗೆ ಅದರ ಒಂದೂವರೆ ಪಟ್ಟು ಇರುವುದನ್ನು ನೋಡಿದ್ದೇನೆ.

ನಮ್ಮಲ್ಲಿ 1999ರ ಕರ್ನಾಟಕ ಬಾಡಿಗೆ ಕಾಯ್ದೆ ಇದೆ. ಬೆಂಗಳೂರಿನಲ್ಲಿ ತಿಂಗಳಿಗೆ 3,500 ರೂಪಾಯಿ ದಾಟಿದ ಮನೆಗೆ ಅದು ಅನ್ವಯಿಸುವುದಿಲ್ಲ. ಆ ದುಡ್ಡಿಗೆ ಬೆಂಗಳೂರಿನಲ್ಲಿ ಈಗ ಪೀಜಿಯಲ್ಲಿ ಒಂದು ಮಂಚವೂ ಕಷ್ಟ. ಅಂದರೆ ಹೆಚ್ಚುಕಡಿಮೆ ಇಡೀ ಊರು ಹನ್ನೊಂದು ತಿಂಗಳ ಅಗ್ರಿಮೆಂಟ್ ನಂಬಿ ಬದುಕುತ್ತಿದೆ. ಒಂದು ವರ್ಷ ದಾಟಿದರೆ ರಿಜಿಸ್ಟರ್ ಮಾಡಿಸಬೇಕಲ್ಲ, ಅದಕ್ಕೇ ಹನ್ನೊಂದು. ಅದರಲ್ಲಿ ಮಾಲೀಕರು ಬರೆಸಿದ್ದೇ ಕಾನೂನು. ಕೇಂದ್ರ ಸರ್ಕಾರ 2021ರಲ್ಲಿ ಒಂದು ಮಾದರಿ ಕಾಯ್ದೆ ಮಾಡಿ ಮನೆಗಳಿಗೆ ಎರಡು ತಿಂಗಳ ಅಡ್ವಾನ್ಸ್ ಸಾಕು ಎಂದಿತು. ಅದನ್ನು ಜಾರಿಗೆ ತರುವುದು ಆಯಾ ರಾಜ್ಯಕ್ಕೆ ಬಿಟ್ಟದ್ದು. ಕರ್ನಾಟಕ ಆ ಎರಡು ತಿಂಗಳ ಮಿತಿಯನ್ನು ಒಪ್ಪಬೇಕು. ಅದರ ಜೊತೆಗೆ 21 ದಿನದ ಗಡುವು, ಬಿಲ್ಲು ಲಗತ್ತಿಸುವ ನಿಯಮ ಎರಡನ್ನೂ ಇಲ್ಲಿಂದ ಹಾಗೇ ಎತ್ತಿಕೊಳ್ಳಬೇಕು. ಇದಕ್ಕೆ ಸರ್ಕಾರದ ಒಂದು ರೂಪಾಯಿಯೂ ಖರ್ಚಾಗುವುದಿಲ್ಲ.

ಇಷ್ಟೆಲ್ಲ ಕಾನೂನು ಇದ್ದೂ ಸಾಂಟಾ ಕ್ಲಾರಾದ ಬಾಡಿಗೆ ಯಾಕೆ ಹೀಗಿದೆ? ಮನೆಗಳಿಲ್ಲ, ಅಷ್ಟೇ. ಕೆಲಸಗಳು ಬಂದವು, ಜನ ಬಂದರು, ಅವರಿಗೆ ಸಾಕಾಗುವಷ್ಟು ಮನೆ ಮಾತ್ರ ಕಟ್ಟಲಿಲ್ಲ. ಈ ಕೌಂಟಿಯಲ್ಲಿ ಜನ ವಾಸಿಸುವ ಜಾಗದ ಬಹುಪಾಲು ಒಂಟಿ ಮನೆಗಳಿಗೆ ಮೀಸಲು. ಸನ್ನಿವೇಲ್ ಮತ್ತು ಪಾಲೋ ಆಲ್ಟೋದ ಕೆಲವು ಬಡಾವಣೆಗಳಲ್ಲಿ ಮನೆಯ ಮೇಲೆ ಇನ್ನೊಂದು ಮಹಡಿಯನ್ನೇ ಎಬ್ಬಿಸುವಂತಿಲ್ಲ. ಅಕ್ಕಪಕ್ಕದ ಮನೆಯವರು ಸೇರಿ ಅರ್ಜಿ ಹಾಕಿ, ನಗರಸಭೆಯಿಂದ ಆ ನಿಯಮ ಮಾಡಿಸಿಕೊಂಡಿದ್ದಾರೆ. ಪಕ್ಕದ ಮನೆಯವರು ಮೇಲಿನಿಂದ ನಮ್ಮ ಹಿತ್ತಲು ನೋಡಬಾರದು ಎಂಬುದು ಒಂದು ಕಾರಣ. ಒಂದೂವರೆ ಸಾವಿರ ಚದರಡಿಯ ಮನೆ, ಸುತ್ತ ಹುಲ್ಲು, ಒಳಗೆ ಇಬ್ಬರು ವಯಸ್ಸಾದವರು. ನಾಲ್ಕು ಬೀದಿ ಆಚೆ ಅಡುಗೆ ಕೆಲಸದವರು, ಕ್ಲೀನಿಂಗ್ ಮಾಡುವವರು ರಸ್ತೆ ಬದಿಯಲ್ಲಿ ನಿಲ್ಲಿಸಿದ ಹಳೆಯ ಕ್ಯಾಂಪರ್ ಗಾಡಿಗಳಲ್ಲಿ ಸಂಸಾರ ಮಾಡುತ್ತಾರೆ. ಮೌಂಟನ್ ವ್ಯೂ, ಪಾಲೋ ಆಲ್ಟೋ ಕಡೆ ಹೋದವರೆಲ್ಲ ಇದನ್ನು ನೋಡಿರುತ್ತಾರೆ.

1978ರಲ್ಲಿ ಬಂದ ಆಸ್ತಿ ತೆರಿಗೆಯ ಮಿತಿಯೂ ಇದರ ಜೊತೆ ಸೇರಿಕೊಂಡಿದೆ. ಮನೆ ಕೊಂಡ ದಿನದ ಬೆಲೆಯ ಮೇಲೆ ತೆರಿಗೆ, ಆಮೇಲೆ ಆ ಲೆಕ್ಕದ ಬೆಲೆ ವರ್ಷಕ್ಕೆ ಎರಡು ಪರ್ಸೆಂಟ್‌ಗಿಂತ ಹೆಚ್ಚು ಏರುವುದಿಲ್ಲ. ಹಳಬರಿಗೆ ತೆರಿಗೆ ಕಡಿಮೆ, ಮನೆ ಮಾರುವ ಅವಸರವೇ ಇಲ್ಲ.

ಈಗ ರಾಜಾಜಿನಗರವನ್ನೋ ಬನಶಂಕರಿಯನ್ನೋ ನೆನೆಸಿಕೊಳ್ಳಿ. ಮೂವತ್ತು-ನಲವತ್ತರ ಸೈಟು. ನಿವೃತ್ತಿಯಾದ ಮೇಷ್ಟ್ರು ಕೆಳಗೆ ತಾವಿದ್ದು, ಪಿಎಫ್ ಹಣದಲ್ಲಿ ಮೇಲೆ ಎರಡು ಮನೆ ಕಟ್ಟಿಸುತ್ತಾರೆ. ಮಗಳ ಮದುವೆಗೆಂದು ಇನ್ನೊಂದನ್ನು ಲೀಸಿಗೆ ಹಾಕುತ್ತಾರೆ. ತಾರಸಿಯ ಮೇಲಿನ ಒಂಟಿ ರೂಮಿನಲ್ಲಿ ಹಾಸನದಿಂದ ಬಂದ ಹುಡುಗ ಇರುತ್ತಾನೆ. ಬೆಂಗಳೂರಿಗೆ ಬಂದ ಲಕ್ಷಾಂತರ ಜನರಿಗೆ ಸೂರು ಕೊಟ್ಟದ್ದು ಹೆಚ್ಚಾಗಿ ಇಂಥ ಸಾಮಾನ್ಯ ಜನರೇ, ದೊಡ್ಡ ಬಿಲ್ಡರ್‌ಗಳಲ್ಲ. ಇದಕ್ಕೆ ನಾವು ಹೆಮ್ಮೆ ಪಡುವುದಿಲ್ಲ, ಪಡಬೇಕು. ಗಾಳಿ ಬೆಳಕಿಗೆ ಜಾಗ ಬಿಡದೆ ಕಟ್ಟುತ್ತಾರೆ, ನಕ್ಷೆ ಮೀರುತ್ತಾರೆ, ಕಾರು ರಸ್ತೆಯಲ್ಲೇ ನಿಲ್ಲುತ್ತದೆ, ಬೇಸಿಗೆ ಬಂದರೆ ಟ್ಯಾಂಕರ್ ನೀರು. ಇದೆಲ್ಲ ನಿಜ. ಸರಿಪಡಿಸಬೇಕಾದ್ದು ಇವುಗಳನ್ನು, ಮೇಲೊಂದು ಮನೆ ಕಟ್ಟುವ ಅಭ್ಯಾಸವನ್ನಲ್ಲ.

ಕಟ್ಟದೆ ಹೋದರೆ ಏನಾಗುತ್ತದೆಂದು ಕ್ಯೂಪರ್ಟಿನೋ ತೋರಿಸುತ್ತಿದೆ. ಆ ಊರಿನ ಶಾಲೆಗಳಿಗಾಗಿಯೇ ನಮ್ಮವರು ಅಷ್ಟು ಬಾಡಿಗೆ ಕೊಟ್ಟು ಅಲ್ಲಿರುತ್ತಿದ್ದರು. ಚಿಕ್ಕ ಮಕ್ಕಳಿರುವ ಸಂಸಾರಗಳಿಗೆ ಆ ಬಾಡಿಗೆ ನಿಲುಕದಾಯಿತು. ಮಕ್ಕಳ ಸಂಖ್ಯೆ ಇಳಿಯುತ್ತಾ ಬಂದು 2022ರಲ್ಲಿ ಕೆಲವು ಪ್ರಾಥಮಿಕ ಶಾಲೆಗಳನ್ನೇ ಮುಚ್ಚಿದರು. ಅಂಥ ಸಂಸಾರಗಳಲ್ಲಿ ಕೆಲವರು ಟ್ರೇಸಿ, ಮ್ಯಾಂಟೀಕಾದಂಥ ದೂರದ ಊರುಗಳಿಗೆ ಹೋಗಿ, ಬೆಳಕು ಹರಿಯುವ ಮೊದಲೇ ರೈಲು ಹಿಡಿಯುತ್ತಾರೆ. ಅಂಥ ಮನೆಗಳ ಮಕ್ಕಳು ವಾರದ ದಿನ ಅಪ್ಪನ ಮುಖ ನೋಡುವುದೇ ಕಷ್ಟ.

ಸ್ವಲ್ಪ ಬದಲಾವಣೆ ಕಾಣುತ್ತಿದೆ. ಹಿತ್ತಲಲ್ಲಿ ಒಂದು ಚಿಕ್ಕ ಮನೆ ಕಟ್ಟಿ ಬಾಡಿಗೆಗೆ ಕೊಡುವುದನ್ನು ರಾಜ್ಯ ಸರ್ಕಾರ ಸಲೀಸು ಮಾಡಿದೆ. ಒಂಟಿ ಮನೆಯ ಸೈಟಿನಲ್ಲಿ ಎರಡು ಮನೆ ಕಟ್ಟಲು 2022ರಿಂದ ದಾರಿ ತೆರೆದಿದೆ. 2031ರೊಳಗೆ ಈ ಕೌಂಟಿಯ ಊರುಗಳೆಲ್ಲ ಸೇರಿ ಸುಮಾರು 1,30,000 ಮನೆಗಳಿಗೆ ಜಾಗ ತೋರಿಸಬೇಕು ಎಂಬ ಆದೇಶವೂ ಇದೆ. ಆದರೆ ಅನೇಕ ಅಪಾರ್ಟ್‌ಮೆಂಟ್ ಯೋಜನೆಗಳು ಮೊದಲು ಊರಿನ ಸಭೆಗಳ ಮುಂದೆ ಚರ್ಚೆಗೆ ಬರುತ್ತವೆ, ಅಲ್ಲಿ ಬಂದು ಮಾತಾಡುವವರು ಬಹುತೇಕ ಸ್ವಂತ ಮನೆಯವರು. ಟ್ರಾಫಿಕ್ ಜಾಸ್ತಿಯಾಗುತ್ತದೆ, ಬಡಾವಣೆಯ ಚೆಂದ ಹಾಳಾಗುತ್ತದೆ ಎನ್ನುತ್ತಾರೆ. ಬಾಡಿಗೆದಾರರು ಆ ಹೊತ್ತಿಗೆ ಆಫೀಸಿನಲ್ಲೋ ರಸ್ತೆಯಲ್ಲೋ ಇರುತ್ತಾರೆ. ವೀಸಾದಲ್ಲಿರುವ ನಮ್ಮವರಂತೂ ಇದು ನಮಗೆ ಸಂಬಂಧಿಸಿದ್ದಲ್ಲ ಎಂದು ಸುಮ್ನೆ ಇದ್ದುಬಿಡುತ್ತಾರೆ.

ಸಂಬಂಧ ಇದೆ. ಮತ ಹಾಕಲು ಪೌರತ್ವ ಬೇಕು, ನಗರಸಭೆಯಲ್ಲಿ ಎದ್ದು ನಿಂತು ಮಾತಾಡಲು ಬೇಕಿಲ್ಲ. ಯಾರು ಬೇಕಾದರೂ ಹೋಗಬಹುದು, ಒಂದೆರಡು ನಿಮಿಷ ಸಿಗುತ್ತದೆ. ಹೋಗಲಾಗದವರು ಇಮೇಲ್ ಬರೆಯಬಹುದು. ಬಾಡಿಗೆ ಮಿತಿಯ ರಾಜ್ಯ ಕಾನೂನಿನ ಅವಧಿ 2030ಕ್ಕೆ ಮುಗಿಯುತ್ತದೆ. ಮುಂದುವರಿಸಬೇಕೋ ಬೇಡವೋ ಎಂಬ ಚರ್ಚೆ ಅದಕ್ಕೂ ಮೊದಲೇ ಶುರುವಾಗಲೇಬೇಕು. ಕನ್ನಡ ಕೂಟದ ಊಟದ ಸಾಲಿನಲ್ಲಿ ಬಾಡಿಗೆಯ ಬಗ್ಗೆ ಅಷ್ಟು ಹೊತ್ತು ಮಾತಾಡುವ ನಾವು ನಮ್ಮ ಊರಿನ ಮುಂದಿನ ಸಭೆ ಯಾವತ್ತು, ಯಾವ ಅಪಾರ್ಟ್‌ಮೆಂಟಿನ ಅರ್ಜಿ ಅದರಲ್ಲಿದೆ ಎಂದು ನೋಡಿಕೊಂಡು ನಾಲ್ಕು ಜನ ಒಟ್ಟಿಗೆ ಹೋಗೋಣ. ಸನ್ನಿವೇಲ್‌ನವರು ಬರುವುದಾದರೆ ನಾನೂ ಜೊತೆಗಿರುತ್ತೇನೆ.