ಪರೀಕ್ಷೆ ಕೋಣೆಗೋ, ಕೂಸಿಗೋ?

ಅಣ್ಣನ ಮಗಳಿಗೆ ಮನೆಯಲ್ಲೇ ಕೂತು, ಲ್ಯಾಪ್‌ಟಾಪ್ ಕ್ಯಾಮೆರಾದ ಕಾವಲಿನಲ್ಲಿ ಬರೆಯುವ ಕೋಡಿಂಗ್ ಪರೀಕ್ಷೆಯೊಂದಿತ್ತು. ಓದಿ ಮುಗಿಸಲು ಎಂಟು ದಿನ ಸಾಕಾಯಿತು. ಕೋಣೆ ಸಜ್ಜು ಮಾಡಲು ಹದಿನೈದು ದಿನ ಹಿಡಿಯಿತು.

ನಾಲ್ಕು ಗೋಡೆ, ಮುಚ್ಚಿದ ಬಾಗಿಲು, ಒಬ್ಬಳೇ ಇರಬೇಕು, ಸದ್ದು ಕೂಡದು. ಈ ನಿಯಮ ಬರೆದವರು ಶಿರಸಿ ಸೀಮೆಯ ಹಳೇ ಮನೆ ನೋಡಿರಲಿಕ್ಕಿಲ್ಲ. ನಮ್ಮಲ್ಲಿ ನಡುಗೋಡೆ ಮಾಡಿನವರೆಗೆ ಹೋಗುವುದೇ ಇಲ್ಲ. ಒಳಗೆ ಒಗ್ಗರಣೆ ಸಿಡಿದರೆ ಜಗುಲಿಯಲ್ಲಿ ಸೀನು. 2020ರಲ್ಲಿ ಆನ್‌ಲೈನ್ ಕ್ಲಾಸಿಗೆಂದು ನಮ್ಮ ಕಡೆಯ ಮಕ್ಕಳು ಗುಡ್ಡ ಹತ್ತಿದ್ದರಲ್ಲ, ಸಿಗ್ನಲ್ ಇನ್ನೂ ಕೆಳಗಿಳಿದಿಲ್ಲ. ಗೋಡೆ ಇಲ್ಲಿ, ಸಿಗ್ನಲ್ ಅಲ್ಲಿ. ಸೊಪ್ಪಿನ ಬೆಟ್ಟದ ನೆತ್ತಿಯಲ್ಲಿ ನಾಲ್ಕು ಗೋಡೆ ಎಬ್ಬಿಸಲು ಹೋದರೆ ಫಾರೆಸ್ಟ್ ಗಾರ್ಡು ಬೇರೆಯದೇ ಪರೀಕ್ಷೆ ಇಟ್ಟಾನು. ಕೊನೆಗೆ ಮೆತ್ತಿನ ಮೇಲೆ, ಅಂದರೆ ಮಹಡಿಯಲ್ಲಿ, ಕಿಟಕಿ ಬುಡದಲ್ಲಿ ಎರಡು ಕಡ್ಡಿ ಸಿಗ್ನಲ್ ಸಿಕ್ಕಿತು.

ತಾಲೀಮಿನ ದಿನ ಲ್ಯಾಪ್‌ಟಾಪನ್ನು ಮಂಗಳಾರತಿಯಂತೆ ಎತ್ತಿ 360 ಡಿಗ್ರಿ ಸುತ್ತಿಸಿದಳು. ಪರದೆ ಕೆಂಪಾಯಿತು: ಕೋಣೆಯಲ್ಲಿ ಇನ್ನೊಬ್ಬರಿದ್ದಾರೆ! ಯಾರೆಂದು ನೋಡಿದರೆ, ಗೋಡೆಯ ಮೇಲಿನ ನಮ್ಮಜ್ಜ. ಗಂಧದ ಹಾರ ಹಾಕಿಸಿಕೊಂಡು ಮೂವತ್ತು ವರ್ಷ ತೆಪ್ಪಗಿದ್ದವನು ಈಗ ನಕಲು ಹೇಳಿಕೊಡುವ ಆರೋಪಿ. ಮುಂಬಯಿ ಪ್ರಾಂತ್ಯದ ಕಾಲದ ಏಳನೇ ತರಗತಿಯ ಮುಲ್ಕಿ ಪರೀಕ್ಷೆಯಲ್ಲೇ ಡುಮ್ಕಿ ಹೊಡೆದ ಮನುಷ್ಯ ಮಾರಾಯ್ರೆ! ಕೆಳಗಿಳಿಸಿ, ಅಡಕೆ ಚೀಲದ ಹಿಂದೆ ಮುಖ ಆಚೆ ಮಾಡಿ ನಿಲ್ಲಿಸಿದೆವು. ಅಪ್ಪಯ್ಯ ಎರಡು ದಿನ ಯಾರ ಹತ್ತಿರವೂ ಮಾತಾಡಲಿಲ್ಲ. ಪರೀಕ್ಷೆಗೆ ಅದೂ ಅನುಕೂಲವೇ ಆಯಿತು.

ತುಟಿ ಅಲುಗಿದರೆ ಅನುಮಾನ, ಕಣ್ಣು ಪರದೆ ಬಿಟ್ಟರೆ ಅನುಮಾನ. ಯೋಚನೆಗೆ ಬಿದ್ದರೆ ತಲೆಯೆತ್ತಿ ಮಾಡು ನೋಡುವುದು ನಮ್ಮ ವಂಶದ ಚಾಳಿ. ಏನೂ ಯೋಚಿಸದವಳಂತೆ ಕೂರುವುದನ್ನು ಕೂಸು ಒಂದು ವಾರ ಅಭ್ಯಾಸ ಮಾಡಿದಳು.

ಪರೀಕ್ಷೆಯ ದಿನ ಮಿಕ್ಸರ್ ಬಂದ್, ನಾಯಿ ಪಕ್ಕದ ಮನೆಗೆ, ಅಪ್ಪಯ್ಯನ ಕವಳದ ಕುಟ್ಟಾಣಿಗೆ ರಜೆ. ಆಷಾಢದ ಮಳೆಗೆ ಹೇಳುವವರ್ಯಾರು? ಹಂಚಿನ ಮೇಲೆ ಅದು ಸುರಿದದ್ದೇ, 'ಹಿನ್ನೆಲೆಯಲ್ಲಿ ಮಾತುಕತೆ' ಎಂಬ ಎಚ್ಚರಿಕೆ ಬಂತು. ನಲವತ್ತು ನಿಮಿಷ ಹೇಗೋ ಕಳೆಯಿತು. ಆಗ ಏಣಿಮೆಟ್ಟಿಲು ಕಿರುಗುಟ್ಟಿತು. ಬಾಗಿಲಿಗಂಟಿಸಿದ ಚೀಟಿ ಕನ್ನಡಕವಿಲ್ಲದ ಆಯಿಗೆ ಕಾಣಬೇಕಲ್ಲ!

"ತಂಗೀ, ಆಸ್ರಿಗೆ ಎಂತ ಬೇಕೇ?" ಮೊಮ್ಮಗಳಿಗೆ ಕುಡಿಯಲು ಏನು ಬೇಕೆಂಬ ವಿಚಾರಣೆ.

ಪರದೆಯಾಚೆಯ ಮೇಲ್ವಿಚಾರಕರು ಆಟ ನಿಲ್ಲಿಸಿದರು. ಬಂದವರು ಯಾರು, ಗುರುತಿನ ಚೀಟಿ ತೋರಿಸಿ. ಆಯಿ ನಿಧಾನಕ್ಕೆ ಕೆಳಗಿಳಿದು, ಟ್ರಂಕು ತೆಗೆದು, ಮತ್ತೆ ಮೆತ್ತು ಹತ್ತಿ ಬಂದು ಕ್ಯಾಮೆರಾಕ್ಕೆ ಹಿಡಿದದ್ದು ಮನೆಯ ಏಳೂ ಜನರ ಹೆಸರಿರುವ ರೇಷನ್ ಕಾರ್ಡು.