ತಲೆಯಿಲ್ಲದ ಕೂದಲಿನ ಉಪಚಾರ

ನಮ್ಮ ಮನೆಯಲ್ಲಿ ಅತ್ಯಂತ ಮರ್ಯಾದೆಯಿಂದ ಬದುಕುತ್ತಿರುವ ಕೂದಲು ಯಾರ ತಲೆಯ ಮೇಲೂ ಇಲ್ಲ. ಅದು ಕಪಾಟಿನ ಮೇಲಿನ ಅರೆಯಲ್ಲಿ, ಹಳೆಯ ರೇಷ್ಮೆ ಸೀರೆಯ ತುಂಡಿನಿಂದ ಹೊಲಿದ ಚೀಲದೊಳಗೆ, ಮದುವೆಯ ಕರೆಯೋಲೆಗಳಿಗಾಗಿ ಕಾಯುತ್ತ ಮಲಗಿದೆ. 18 ಇಂಚು ಉದ್ದದ ಈ ಕ್ಲಿಪ್ಪಿನ ಕೂದಲಿಗೆ ಅಂಗಡಿಯವರು ಹೇರ್ ಎಕ್ಸ್‌ಟೆನ್ಷನ್ ಎಂದು ಬಿಲ್ ಬರೆದರು. ಉಡುಪಿಯ ನಮ್ಮ ಮನೆಯ ಹೊಸ್ತಿಲು ದಾಟಿದೊಡನೆ ಅದು ಚೌರಿಯಾಯಿತು.

ನನ್ನ ಅಜ್ಜಿಯ ಚೌರಿಗೆ ಅಂಗಡಿಯ ಹಂಗಿರಲಿಲ್ಲ. ಬಾಚುವಾಗ ಉದುರಿದ ಕೂದಲನ್ನು ಅವರು ಬೆರಳಿಗೆ ಸುತ್ತಿ ಉಂಡೆ ಮಾಡಿ, ಹಿಂಬದಿಯ ಜಗಲಿಯ ಮಾಡಿನ ಸಂದಿಗೆ ಸಿಕ್ಕಿಸಿಡುತ್ತಿದ್ದರು. ವರ್ಷಗಟ್ಟಲೆ ಹೀಗೆ ಕೂಡಿದ ಉಂಡೆಗಳನ್ನು ಬಿಡಿಸಿ, ತೊಳೆದು, ಕಟ್ಟಿಸಿದಾಗ ಅವರ ಆಸ್ತಿ ಅವರದೇ ತಲೆಗೆ ಮರಳುತ್ತಿತ್ತು. ಆದರೆ ನಾಲ್ಕು ಸಮಾರಂಭ ಕಳೆಯುವಷ್ಟರಲ್ಲಿ ಆ ಚೌರಿ ತೆಂಗಿನ ನಾರಿನಂತೆ ಸಿಕ್ಕಾಗುತ್ತಿತ್ತು. ಅಜ್ಜಿ ಇದನ್ನು ಕಣ್ಣುಬಿದ್ದ ದೋಷವೆಂದು ನಂಬಿದ್ದರು. ನಿಜವಾದ ಕಾರಣ ತಿಳಿಯಬೇಕಿದ್ದರೆ ಅವರು ಉಂಡೆ ಸಿಕ್ಕಿಸುತ್ತಿದ್ದ ಮಾಡನ್ನೇ ಒಮ್ಮೆ ದಿಟ್ಟಿಸಿ ನೋಡಬೇಕಿತ್ತು.

1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಮಂಗಳೂರು ಹಂಚಿನ ಮಾಡನ್ನು ಕಾಣದವರು ನಮ್ಮ ಕಡೆ ಯಾರಿದ್ದಾರೆ? ಕೂದಲಿನ ಹೊರಮೈಯೂ ಅಂಥದೇ ಒಂದು ಮಾಡು. ಬುಡದಿಂದ ತುದಿಯ ಕಡೆಗೆ ಸೂಕ್ಷ್ಮವಾದ ಹುರುಪೆಗಳು ಒಂದರ ಮೇಲೊಂದು ಒರಗಿಕೊಂಡಿರುವುದರಿಂದ, ಒಂದು ಎಳೆಯನ್ನು ಬುಡದಿಂದ ತುದಿಗೆ ಬೆರಳಲ್ಲಿ ಸವರಿದರೆ ಸಲೀಸಾಗಿ ಜಾರುತ್ತದೆ, ತುದಿಯಿಂದ ಬುಡಕ್ಕೆ ಸವರಿದರೆ ತಡೆಯುತ್ತದೆ. ಉದುರಿದ ಕೂದಲಿನ ಉಂಡೆಯಲ್ಲಿ ಬುಡ ಯಾವುದು, ತುದಿ ಯಾವುದು ಎಂಬ ಲೆಕ್ಕವೇ ಉಳಿಯುವುದಿಲ್ಲ. ಅರ್ಧ ಹಂಚುಗಳನ್ನು ತಲೆಕೆಳಗಾಗಿ ಹೊದಿಸಿದ ಮಾಡಿನಂತೆ ಒಂದರ ಹುರುಪೆ ಇನ್ನೊಂದಕ್ಕೆ ಕೊಕ್ಕೆ ಹಾಕಿ ಗಂಟಾಗುತ್ತದೆ. ತಿರುಪತಿಯಲ್ಲಿ ಭಕ್ತರು ಮುಡಿ ಕೊಟ್ಟು, ದೇವಸ್ಥಾನ ಹರಾಜು ಹಾಕುವ ನೀಳ ಕೂದಲಿನಂತೆ ತಲೆಯಿಂದ ನೇರವಾಗಿ ಇಳಿಸಿ, ಬುಡಗಳೆಲ್ಲ ಒಂದೇ ಕಡೆಗಿರುವಂತೆ ಕಟ್ಟಿದ್ದಕ್ಕೆ ವ್ಯಾಪಾರದಲ್ಲಿ ರೆಮಿ ಎಂದು ಹೆಸರು, ಬೆಲೆಯೂ ಹೆಚ್ಚು. ಮನೆಮನೆಯ ಉಂಡೆಗಳ ದಾರಿ ಬೇರೆ: ಅವು ಕೊಪ್ಪಳದ ಭಾಗ್ಯನಗರದಂಥ ಊರುಗಳಲ್ಲಿ ಎಳೆಎಳೆಯಾಗಿ ಬಿಡಿಸಿಕೊಂಡು, ಉದ್ದದ ಪ್ರಕಾರ ವಿಂಗಡವಾಗಿ ಮುಂದೆ ಹೋಗುತ್ತವೆ.

ಹುರುಪೆಗಳ ಈ ಜಗಳವನ್ನು ಬಗೆಹರಿಸಲು ಅಗ್ಗದ ಮಾಲು ಮಾಡುವವರು ಹುರುಪೆಗಳನ್ನೇ ಆಮ್ಲದಲ್ಲಿ ಸವೆಸಿ, ಮೇಲೆ ಸಿಲಿಕೋನಿನ ಲೇಪ ಕೊಡುವುದುಂಟು. ಮಂಗಳೂರಿನ ಅಂಗಡಿಯೊಂದರಲ್ಲಿ ನಾನು ಮೊದಲು ಕೊಂಡದ್ದು ಅಂಥ ಚೌರಿಯೇ ಇರಬೇಕು. ಗಾಜಿನ ಪೆಟ್ಟಿಗೆಯಲ್ಲಿ ಮಿರಮಿರನೆ ಮಿಂಚುತ್ತಿದ್ದದ್ದು ನಾಲ್ಕನೆಯ ಸ್ನಾನಕ್ಕೆ ಅಜ್ಜಿಯ ಚೌರಿಯ ತಂಗಿಯಾಯಿತು.

ಒಳ್ಳೆಯ ಚೌರಿಗೂ ಒಂದು ಅನಾಥತನವಿದೆ. ನಮ್ಮ ಕೂದಲಿಗೆ ತಲೆಯ ಚರ್ಮ ದಿನವೂ ಸ್ವಲ್ಪ ಜಿಡ್ಡನ್ನು ಜಿನುಗಿಸಿ ಕೊಡುತ್ತದೆ. ಬುಡವನ್ನು ಕಳೆದುಕೊಂಡ ಚೌರಿಗೆ ಆ ಪೋಷಣೆ ಇಲ್ಲವಾದ್ದರಿಂದ ಅದು ಒಣಗುತ್ತ ಹೋಗುತ್ತದೆ. ಇಷ್ಟು ಹೇಳಿದರೆ ಸಾಕು, ಕರಾವಳಿಯ ಯಾವ ತಾಯಿಯೂ ತೆಂಗಿನೆಣ್ಣೆಯ ಗಿಂಡಿಗೆ ಕೈಹಾಕುತ್ತಾಳೆ. ಎಣ್ಣೆ ಬೇಡವೆಂದಲ್ಲ, ತುದಿಗಳಿಗೆ ಒಂದೆರಡು ಹನಿ ಸಾಕು. ಕೂದಲನ್ನು ಹಿಡಿದಿರುವ ಪಟ್ಟಿಯ ಕಡೆಗೆ ಹೋಗಬಾರದು ಎಂಬುದಷ್ಟೇ ಕಟ್ಟಳೆ. ಬೆಂಗಳೂರಿನಲ್ಲಿರುವ ಅಣ್ಣನ ಮಗಳು ಒಂದು ದೀಪಾವಳಿಗೆ ಅಂಟುಪಟ್ಟಿಯ ಕೂದಲು ಕೂರಿಸಿಕೊಂಡು ಬಂದಿದ್ದಳು. ನರಕ ಚತುರ್ದಶಿಯ ನಸುಕಿನಲ್ಲಿ ಅಮ್ಮ ಮೊಮ್ಮಗಳ ನೆತ್ತಿಗೆ ಧಾರಾಳವಾಗಿ ಎಣ್ಣೆ ತಟ್ಟಿ, ಹಂಡೆಯ ಬಿಸಿನೀರು ಹೊಯ್ದದ್ದೇ ತಡ, ಅಂಟು ಸಡಿಲಾಗಿ ಒಂದೊಂದೇ ಪಟ್ಟಿ ಬೆನ್ನ ಮೇಲಿಂದ ಜಾರಿ ಬಚ್ಚಲಿಗೆ ಇಳಿಯಿತು. “ಎಣ್ಣೆ ಹಾಕಿದ್ರೆ ಕೂದ್ಲು ಬೆಳೀಬೇಕಲ್ಲ ಮಾರಾಯ್ತಿ, ಇದೆಂಥ ಇದು!” ಎಂದು ಅಮ್ಮ ಗಾಬರಿಯಾದರು. ಅಣ್ಣನ ಮಗಳ ಮುಖ ನೋಡುವ ಧೈರ್ಯ ನನಗಾಗಲಿಲ್ಲ. ಅವಳು ಕೊಟ್ಟ ಹಣದ ಮೊತ್ತ ಮನೆಯಲ್ಲಿ ನನಗೊಬ್ಬಳಿಗೇ ಗೊತ್ತಿತ್ತು.

ಸ್ನಾನದ ವಿಧಿಯೂ ನಮ್ಮ ತಲೆಸ್ನಾನಕ್ಕೆ ಪೂರ್ತಿ ವಿರುದ್ಧ. ನೀರು ತಾಗಿಸುವ ಮೊದಲೇ ತುದಿಯಿಂದ ಆರಂಭಿಸಿ ಸ್ವಲ್ಪಸ್ವಲ್ಪವಾಗಿ ಮೇಲಕ್ಕೆ ಬಾಚಬೇಕು, ಪಟ್ಟಿಯನ್ನು ಮೇಲೆ ಹಿಡಿದು ಶಾಂಪೂ ಕೆಳಮುಖವಾಗಿ ಹರಿಯಲು ಬಿಡಬೇಕು, ಬಟ್ಟೆಯಂತೆ ಉಜ್ಜಬಾರದು, ಹಿಂಡಬಾರದು. ಹಾಗೆಂದು ಪ್ರತಿ ಸಲ ಮುಡಿದ ಮೇಲೂ ತೊಳೆಯಬೇಕಾಗಿಲ್ಲ. ಬೆವರು, ಸ್ಪ್ರೇ ಅಂಟಿರದಿದ್ದರೆ ಹತ್ತು ಹದಿನೈದು ಸಲ ಮುಡಿದ ಮೇಲೆ ತೊಳೆದರೂ ನಡೆಯುತ್ತದೆ. ಮಲಗುವಾಗ ಮಾತ್ರ ತೆಗೆದೇ ಇಡಬೇಕು. ಕ್ಲಿಪ್ಪನ್ನು ಸದಾ ಒಂದೇ ಜಾಗಕ್ಕೆ ಹಾಕಿ, ಅದರ ಮೇಲೆ ಮದುವೆಯ ಉತ್ಸಾಹದಲ್ಲಿ ಶಂಕರಪುರದ ಮಲ್ಲಿಗೆಯ ಚೆಂಡುಗಳನ್ನೂ ಹೇರಿದರೆ, ಆ ಭಾರಕ್ಕೆ ನಮ್ಮ ಸ್ವಂತ ಕೂದಲೇ ಬುಡಸಹಿತ ಕಿತ್ತು ಬಂದೀತು. ಇಲ್ಲದ ಕೂದಲನ್ನು ಮೆರೆಸಲು ಹೋಗಿ ಇದ್ದದ್ದನ್ನು ಕಳೆದುಕೊಂಡವರನ್ನು ಕಂಡಿದ್ದೇನೆ.

ಮಳೆಗಾಲದ ಕಥೆ ಬೇರೆಯೇ. 1783ರಲ್ಲಿ ಜಿನೀವಾದ ವಿಜ್ಞಾನಿ ಸೋಸ್ಯೂರ್ ಮನುಷ್ಯನ ಕೂದಲಿನಿಂದ ಗಾಳಿಯ ತೇವವನ್ನು ಅಳೆಯುವ ಉಪಕರಣದ ವಿವರ ಪ್ರಕಟಿಸಿದರು. ತೇವ ಹೆಚ್ಚಿದರೆ ಕೂದಲು ತುಸು ಉದ್ದವಾಗುತ್ತದೆ, ಒಣಗಿದರೆ ಕುಗ್ಗುತ್ತದೆ. ಆ ವ್ಯತ್ಯಾಸವೇ ಮುಳ್ಳನ್ನು ಆಡಿಸುತ್ತದೆ. ಉಡುಪಿಯ ಜುಲೈ ತಿಂಗಳನ್ನು ಅವರು ಕಂಡಿದ್ದರೆ ಮುಳ್ಳು ಒಂದೇ ಕಡೆ ಕಚ್ಚಿ ಕುಳಿತು ಅವರಿಗೆ ಉಪಕರಣದ ಮೇಲೆಯೇ ಸಂಶಯ ಬರುತ್ತಿತ್ತೇನೋ. ಚಪ್ಪಲಿಗೂ ಪುಸ್ತಕದ ರಟ್ಟಿಗೂ ಬೂಷ್ಟು ಹಿಡಿಯುವ ಆ ದಿನಗಳಲ್ಲಿ, ಅರೆಬರೆ ಒಣಗಿದ ಚೌರಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರೆ ಕಮಟು ವಾಸನೆ ಖಂಡಿತ. ಬಟ್ಟೆಯ ಚೀಲದ ಉಪಾಯ ಅದಕ್ಕಾಗಿಯೇ. ಬೂಟಿನ ಡಬ್ಬಿಯಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣಗಳನ್ನು ನಾನು ನಾಣ್ಯಗಳಂತೆ ಕೂಡಿಡುವುದೂ ಅದಕ್ಕಾಗಿಯೇ.

ತುಳುವರ ಆಟಿ ತಿಂಗಳಲ್ಲಿ ಮದುವೆಗಳಿಲ್ಲ, ಚೌರಿಗೆ ಕೆಲಸವಿಲ್ಲ. ಆದರೂ ಮೊನ್ನೆ ಮಳೆ ಒಂದು ಗಳಿಗೆ ಬಿಡುವು ಕೊಟ್ಟಾಗ ಅಮ್ಮ ಕಚೇರಿಗೆ ಫೋನು ಮಾಡಿದರು: “ಬಿಸಿಲು ಬಂತು. ಹಪ್ಪಳ ಹೊರಗೆ ಹಾಕಿದೆ. ನಿನ್ನ ಚೌರಿಯನ್ನೂ ಹಾಕ್ಲಾ?” ನೇರ ಬಿಸಿಲಿಗೆ ಬೇಡ, ಬಣ್ಣ ಮಾಸುತ್ತದೆ, ಜಗಲಿಯ ನೆರಳಲ್ಲಿ ಗಾಳಿಗೆ ತೂಗುಹಾಕಿ, ಮತ್ತು ದಯವಿಟ್ಟು ಹಪ್ಪಳದಿಂದ ನಾಲ್ಕು ಮಾರು ದೂರದಲ್ಲಿ ಎಂದೆ.